ಸೀಸದ ಮಡಿಯ ಆಂಟಿ

ಅವರ ಹೆಸರು ಬರೆಯುವ ಹಾಗಿಲ್ಲ. ಬರೆದರೆ ಮುಂದಿನ ಭಾನುವಾರ ದೇವಸ್ಥಾನದ ಅಡುಗೆಮನೆಯಲ್ಲಿ ನೆಮ್ಮದಿಯಾಗಿ ಕುಂಬಳಕಾಯಿ ಹೆಚ್ಚುವುದಕ್ಕಾಗುವುದಿಲ್ಲ ಎಂದು ಅವರೇ ಹೇಳಿದ್ದಾರೆ. ನ್ಯೂಜೆರ್ಸಿಯ ನಮ್ಮ ಕನ್ನಡದ ಜನಕ್ಕೆ ಅವರು ವುಡ್‌ಬ್ರಿಡ್ಜ್ ಕಡೆಯ ಒಬ್ಬ ಆಂಟಿ, ಅಷ್ಟೆ. ಧಾರವಾಡದ ಮಾತು, ಹಣೆಗೆ ಸಾಸಿವೆಯಷ್ಟು ಕಪ್ಪು ಬೊಟ್ಟು, ಇನ್ನೂರು ಜನಕ್ಕೆ ಜುಣಕದ ವಡೆ ಮಾಡಿ ಹಾಕುವ ತಾಕತ್ತು. ಶನಿವಾರ ಬೆಳಗ್ಗೆ ಮಾತ್ರ ಯಾರ ಕೈಗೂ ಸಿಗುತ್ತಿರಲಿಲ್ಲ. ಕೇಳಿದರೆ "ಕ್ಲಾಸ್ ಐತ್ರಿ" ಅನ್ನುತ್ತಿದ್ದರು. ಯಾವ ಕ್ಲಾಸು ಎಂದು ಕೆದಕಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿ, ಯೋಗ, ಮಣ್ಣಿನ ಪಾತ್ರೆ, ಸ್ಪ್ಯಾನಿಷ್ ಮೂರನ್ನೂ ಒಟ್ಟಿಗೆ ಕಲಿಯುತ್ತಿರುವ ಹೆಂಗಸು ಎಂಬ ಗೌರವ ಸಂಪಾದಿಸಿದ್ದರು.

ನಿಜ ಏನೆಂದರೆ, ಶನಿವಾರ ಬೆಳಗ್ಗೆ ಅವರು ಅರ್ಧ ಗಂಟೆ ಡ್ರೈವ್ ಮಾಡಿ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗಿ, ಅಂಗಿಯ ಕಾಲರಿನ ಗುಂಡಿ ಮೇಲಿನ ತನಕ ಹಾಕಿಕೊಂಡು, ಕಿವಿ ಮುಚ್ಚಿಕೊಂಡು, ಒಂದು ಹಳೇ ರಿವಾಲ್ವರ್ ಹಿಡಿದು, ಇಪ್ಪತ್ತೈದು ಗಜ ದೂರದ ಕಾಗದದ ವೃತ್ತಕ್ಕೆ ಗುಂಡು ಹೊಡೆಯುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ಹೊಡೆದರು.

ಈ ವಸಂತದಲ್ಲಿ ಕ್ಲಬ್ಬಿನವರು ಕೇಕ್ ತಂದು ಅವರನ್ನು ಬೀಳ್ಕೊಟ್ಟರು. ಅಲ್ಲಿರುವ ಇನ್ನೊಬ್ಬ ಕನ್ನಡದವಳು ನಾನೊಬ್ಬಳೇ ಆದ್ದರಿಂದ ಎರಡು ಮಾತು ಹೇಳು ಎಂದು ನನ್ನನ್ನು ಎಬ್ಬಿಸಿದರು. ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿ, ನಾಲ್ಕನೆಯದನ್ನು ಶ್ರದ್ಧಾಂಜಲಿಯ ದನಿಯಲ್ಲಿ ಶುರುಮಾಡಿದೆ. ಮುಂದಿನ ಕುರ್ಚಿಯಲ್ಲಿದ್ದ ಆಂಟಿ, ಎಲ್ಲರಿಗೂ ಕೇಳುವ ಹಾಗೆ, ಯಾರಿಗೂ ಅರ್ಥವಾಗದ ಹಾಗೆ, "ನಾ ಏನ್ ಸತ್ತೇನೇನು? ಕೂಡು ತಂಗಿ, ಕೇಕ್ ತಿನ್ನು" ಅಂದರು. ಕೂತೆ. ಅಲ್ಲಿ ಉಳಿದುಹೋದ ಮಾತು ಇದು.

ಅವರು ಓದಿದ್ದು ಬಿ.ಎಸ್ಸಿ., ಇಲ್ಲಿಗೆ ಬಂದ ಮೇಲೆ ಸೇರಿದ್ದು ಹಲ್ಲಿನ ಲ್ಯಾಬಿಗೆ. ಡೆಂಟಿಸ್ಟುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಅದನ್ನು ನೋಡಿ ಮೇಣದಲ್ಲಿ ಹಲ್ಲು ಕೆತ್ತಿ, ಲೋಹದಲ್ಲಿ ಎರಕ ಹೊಯ್ದು, ಕ್ಯಾಪ್ ಮಾಡಿ ಕಳಿಸುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದರು. ಕತ್ತಿನಲ್ಲಿ ಯಾವಾಗಲೂ ಒಂದು ಸಣ್ಣ ಭೂತಗನ್ನಡಿ ತೂಗುತ್ತಿರುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ನಕ್ಕರೆ ಅವರು ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದರು. "ಆ ಮ್ಯಾಲಿನ ಎರಡನೇದು ಕ್ಯಾಪು. ಚಲೋ ಕೂಡಿಸ್ಯಾರ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು.

ಆ ಲ್ಯಾಬಿನ ಯಜಮಾನ ಒಬ್ಬ ಮುದುಕ, ರಿವಾಲ್ವರಿನ ಹುಚ್ಚಿನವನು. ಒಂದು ಸಲ ಲ್ಯಾಬಿನವರನ್ನೆಲ್ಲ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದನಂತೆ. ಅವನ ರಿವಾಲ್ವರಿನ ಬ್ಯಾರಲ್ಲಿನ, ಅಂದರೆ ಗುಂಡು ಹಾಯುವ ನಳಿಗೆಯ, ಒಳಗೆ ಸೀಸ ಕಟ್ಟಿಕೊಂಡಿತ್ತು. ಬರೀ ಸೀಸದ ಗುಂಡು ಹೊಡೆಯುವವರಿಗೆ ಇದೊಂದು ತಪ್ಪದ ಕಾಟ: ಗುಂಡು ಹೋಗುತ್ತಾ ಹೋಗುತ್ತಾ ಬ್ಯಾರಲ್ಲಿನ ಗೋಡೆಗೆ ತನ್ನನ್ನೇ ಸ್ವಲ್ಪ ಸ್ವಲ್ಪ ಬಳಿದುಹೋಗುತ್ತದೆ, ಆಮೇಲೆ ಬಂದ ಗುಂಡುಗಳು ದಾರಿ ತಪ್ಪುತ್ತವೆ. ಯಜಮಾನ, ಅವನ ಗೆಳೆಯರು ಎಲ್ಲ ಸೇರಿ ಬ್ರಷ್ ಹಾಕಿ ತಿಕ್ಕುತ್ತಾ, ಇನ್ನೂ ಗಟ್ಟಿ ಸೀಸದ ಗುಂಡು ತರಿಸಬೇಕು ಎಂದು ಚರ್ಚೆ ಮಾಡುತ್ತಿದ್ದರಂತೆ. ಆಂಟಿ ಭೂತಗನ್ನಡಿ ಹಿಡಿದು ಒಳಗೆ ನೋಡಿ, "ಸೀಸ ಹತ್ತಿರುವುದು ಗುಂಡು ತುಂಬುವ ಸಿಲಿಂಡರಿನ ಕಡೆ. ಕ್ಯಾಪ್ ಸಡಿಲ ಇದೆ" ಎಂದು ಹೇಳಿದರಂತೆ. ಎಲ್ಲರೂ ನಕ್ಕರಂತೆ. ಅಳೆದು ನೋಡಿದಾಗ ಗುಂಡು ನಿಜಕ್ಕೂ ಸಣ್ಣದಿತ್ತು. ಮುದುಕ ಸಾಯುವ ಮುಂಚೆ ಎಲ್ಲ ಕಾಗದಪತ್ರ ಮಾಡಿಸಿ ಆ ರಿವಾಲ್ವರನ್ನು ಆಂಟಿಗೆ ಕೊಟ್ಟ. ನಾನು ಹೇಳುತ್ತಿರುವುದು ಅದೇ ರಿವಾಲ್ವರಿನ ಕಥೆ.

ನನ್ನ ವಿಷಯ ಎರಡೇ ಮಾತು. ಮೈಸೂರಿನವಳು, ಕೆಂಡಲ್ ಪಾರ್ಕಿನಲ್ಲಿ ಮನೆ, ಪ್ಲೇನ್ಸ್‌ಬರೋದ ಒಂದು ಔಷಧಿ ಕಂಪನಿಯಲ್ಲಿ ಕೆಲಸ. ಬಾಟಲಿಯ ಮೇಲಿನ ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆ ಆಗುತ್ತದೆಯೇ ನೋಡುವುದು ನನ್ನ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ. ಆಫೀಸಿನವರ ಜೊತೆ ಒಂದು ದಿನ ಕ್ಲಬ್ಬಿಗೆ ಹೋದವಳು, ಗುರಿ ಹಿಡಿದ ಆ ಹತ್ತು ಸೆಕೆಂಡು ತಲೆಯೊಳಗಿನ ಗಲಾಟೆಯೆಲ್ಲ ನಿಂತದ್ದು ಕಂಡು ಮತ್ತೆ ಮತ್ತೆ ಹೋದೆ. ಎರಡನೇ ಶನಿವಾರವೇ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು: "ಕಾಲರ್ ಗುಂಡಿ ಹಾಕ್ಕೊ ತಂಗಿ. ಬಾಜೂಕಿನಾಂವನ ಪಿಸ್ತೂಲಿಂದ ಖಾಲಿ ಕೇಸು ಬಿಸಿಬಿಸಿ ಹಾರಿ ಒಳಗ ಬಿದ್ರ ಕುಣೀತಿ."

ಅವತ್ತು ನಾನು ಚೀಲದಿಂದ ಚಿಪ್ಸ್ ತೆಗೆದೆ. ಆಂಟಿ ನನ್ನ ಕೈ ಮೇಲೆ ಫಟ್ ಎಂದು ಹೊಡೆದರು. ಪರಿಚಯವಾಗಿ ಹತ್ತು ನಿಮಿಷ ಆಗಿರಲಿಲ್ಲ. ಸೀಸ ಹೊಟ್ಟೆಗೆ ಹೋದರೆ ವಿಷ, ಅದರ ವಿಷಯದಲ್ಲಿ ಅವರ ಮಡಿ ಅಂಥದ್ದು. ದೇವರ ವಿಷಯದಲ್ಲಿ ಅವರಿಗೆ ಮಡಿ ಮೈಲಿಗೆ ಏನೂ ಇರಲಿಲ್ಲ, ಸ್ನಾನವಾಗದೆ ಕಾಫಿ ಕುಡಿಯುವವರೇ. ಆದರೆ ಗುಂಡು ಮುಟ್ಟಿದ ಕೈ ಸೋಪು ಹಚ್ಚಿ ತಣ್ಣೀರಲ್ಲಿ ತೊಳೆಯದೆ ಮೂಗಿನ ಹತ್ತಿರವೂ ಹೋಗಬಾರದು. ಗುಂಡುಗಳನ್ನು ಮನೆಯ ಗ್ಯಾರೇಜಿನಲ್ಲಿ ತಾವೇ ಎರಕ ಹೊಯ್ಯುತ್ತಿದ್ದರು; ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ಬಟ್ಟೆ. ಎರಕ ಹೊಯ್ಯುವ ದಿನ ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದು, ಫ್ಯಾನ್ ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ ಕೂರುತ್ತಿದ್ದರು. ಆ ದಿನ ಅವರ ಮಗಳು ಮೊಮ್ಮಕ್ಕಳನ್ನು ಕರೆತರುವ ಹಾಗಿರಲಿಲ್ಲ. ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಸೀಸ ಎಷ್ಟಿದೆ ಎಂದು ನೋಡಿಸಿಕೊಳ್ಳುತ್ತಿದ್ದರು. ನನ್ನ ಅಜ್ಜಿಯ ಮಡಿಯನ್ನು ನೋಡಿ ನಕ್ಕವಳು ನಾನು. ಈ ಮಡಿಗೆ ಮಾತ್ರ ತಲೆ ತಗ್ಗಿಸಿದೆ.

ಗುಂಡು ಹಾರಿ ಖಾಲಿಯಾದ ಹಿತ್ತಾಳೆ ಕೇಸುಗಳನ್ನು, ಮತ್ತೆ ಮದ್ದು, ಗುಂಡು ತುಂಬಲು, ಅವರು ಹುಣಸೆಹಣ್ಣಿನ ನೀರಿನಲ್ಲಿ ತೊಳೆಯುತ್ತಿದ್ದರು. ಹಬ್ಬದ ಹಿಂದಿನ ದಿನ ದೇವರ ಸಾಮಾನು ತೊಳೆಯುತ್ತೇವಲ್ಲ, ಹಾಗೇ. ಐದು ನಿಮಿಷ ಅದ್ದಿ ತೆಗೆದರೆ ಫಳಫಳ. ಆ ಹುಣಸೆಹಣ್ಣಿನ ಡಬ್ಬಿ ಗ್ಯಾರೇಜಿನಲ್ಲೇ ಇರಬೇಕು, ಅಡುಗೆಮನೆಗೆ ಬರಕೂಡದು, ಗುರುತಿಗೆ ಮುಚ್ಚಳದ ಮೇಲೆ ಕೆಂಪು ನೇಲ್ ಪಾಲಿಶ್. ಕ್ಲಬ್ಬಿನ ಗಂಡಸರು ಮಶೀನು, ಪುಡಿ, ದ್ರಾವಣ ಎಂದು ಏನೇನೋ ತರುವವರು. ಆಂಟಿಯ ಕೇಸುಗಳ ಹೊಳಪು ನೋಡಿ ಗುಟ್ಟೇನೆಂದು ಕೇಳಿದರೆ ಅವರು "ಫ್ಯಾಮಿಲಿ ರೆಸಿಪಿ" ಎಂದುಬಿಡುತ್ತಿದ್ದರು.

ಸೀಸ ತೆಗೆಯುವುದಕ್ಕೆ ಬೇರೆ ಉಪಾಯ. ಪಾತ್ರೆ ತಿಕ್ಕುವ ತಾಮ್ರದ ನಾರು ಸಿಗುತ್ತದಲ್ಲ, ಅದರ ನಾಲ್ಕು ಎಳೆಯನ್ನು ಹಳೇ ಬ್ರಷ್ಷಿಗೆ ಸುತ್ತಿ ಬ್ಯಾರಲ್ಲಿನೊಳಗೆ ಆಡಿಸುವುದು. ತಾಮ್ರ ಮೆತ್ತಗಿದೆ, ಉಕ್ಕಿಗೆ ಗೀರು ಬೀಳುವುದಿಲ್ಲ, ಸೀಸ ಮಾತ್ರ ಎದ್ದು ಬರುತ್ತದೆ. ಆದರೆ ಅಂಗಡಿಯಲ್ಲಿ ಕೆಲವು ಒಳಗೆ ಕಬ್ಬಿಣ, ಮೇಲೆ ತಾಮ್ರದ ಬಣ್ಣ. ಅದಕ್ಕೇ ಆಂಟಿ ತಮ್ಮ ಫ್ರಿಜ್ಜಿನ ಮೇಲಿದ್ದ ಗಣಪತಿ ಮ್ಯಾಗ್ನೆಟ್ಟನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಒಂದೊಂದೇ ನಾರಿಗೆ ಮುಟ್ಟಿಸಿ ನೋಡುತ್ತಿದ್ದರು. ಗಣಪತಿ ಅಂಟಿಕೊಂಡರೆ ಅದು ಖೋಟಾ. "ಗಣಪ್ಪ ಒಲ್ಲೆ ಅಂದದ್ದನ್ನ ತಗೋಬೇಕು" ಅನ್ನುತ್ತಿದ್ದರು. ಕ್ಲಬ್ಬಿನಲ್ಲಿ ಒಬ್ಬ, ಕಡೆಯಲ್ಲಿ ನಾಲ್ಕು ತಾಮ್ರದ ಕವಚದ ಗುಂಡು ಹೊಡೆದರೆ ಸೀಸ ತಾನೇ ಕಿತ್ತುಕೊಂಡು ಹೋಗುತ್ತದೆ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದ. ಆಂಟಿ ನನಗೆ ಮಾತ್ರ ಕೇಳಿಸುವಂತೆ, "ಕಸಾ ಗುಡಸೂದು ಬಿಟ್ಟು ಮ್ಯಾಲೆ ಚಾಪಿ ಹಾಸಿದಂಗ" ಅಂದರು.

ಮೂಲ ಪಾಠ ಇವೆಲ್ಲಕ್ಕಿಂತ ಹಿಂದಿನದು. ತಿಕ್ಕುವುದು ಆಮೇಲೆ, ಮೊದಲು ಅಳೆಯುವುದು. ಯಾರಾದರೂ ಸೀಸ ಕಟ್ಟುತ್ತಿದೆ ಎಂದು ಬಂದರೆ, ಮೆತ್ತನೆ ಸೀಸದ ಒಂದು ಗೋಲಿಗೆ ಎಣ್ಣೆ ಹಚ್ಚಿ, ಖಾಲಿ ಬ್ಯಾರಲ್ಲಿನೊಳಗೆ ಕೋಲಿನಿಂದ ಮೆಲ್ಲಗೆ ತಳ್ಳಿ ಹೊರಗೆ ತೆಗೆಯುತ್ತಿದ್ದರು. ಬ್ಯಾರಲ್ಲಿನ ಒಳಗಿನ ಗೆರೆಗಳೆಲ್ಲ ಅದರ ಮೇಲೆ ಮೂಡಿರುತ್ತಿದ್ದವು. ಬಾಯಿಯ ಅಚ್ಚು ತೆಗೆದಂತೆ ಇದು ಬ್ಯಾರಲ್ಲಿನ ಅಚ್ಚು. ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು, ಲ್ಯಾಬಿನಿಂದ ತಂದಿದ್ದ ಹಲ್ಲಿನ ಕ್ಯಾಪಿನ ಪುಟ್ಟ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಡಬ್ಬಿಯ ಮೇಲೆ ಕನ್ನಡದಲ್ಲಿ ಮೂರು ಸಾಲು: ರಿವಾಲ್ವರಿನ ಮಾಲೀಕರ ಹೆಸರು ಮತ್ತು ತಾರೀಖು, ಅಳತೆ, ಒಂದು ಪಥ್ಯ. "ಸಣ್ಣ ಗುಂಡು ಬ್ಯಾಡ." "ಗುಂಡು ಜಾರಾಕ ಮೇಣ ಹೆಚ್ಚು ಹಚ್ಚು." ಒಬ್ಬ ನಿವೃತ್ತ ಪೊಲೀಸಿನವನ ಡಬ್ಬಿಯ ಮೇಲೆ "ಬಾಯಿ ಬಿಡಬ್ಯಾಡ, ಮೊದ್ಲ ತೊಳಿ" ಎಂದು ಬರೆದಿದ್ದರು. ಅವನಿಗೆ ಕನ್ನಡ ಬಾರದು, ಪುಣ್ಯಕ್ಕೆ.

ಹೋದ ವರ್ಷ ಬೇಸಿಗೆಯಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ನಿಧಾನವಾಗಿ ಜಾಸ್ತಿಯಾಗುತ್ತದೆ ಎಂದೂ ಹೇಳಿದರು. ಆಂಟಿ ಅವತ್ತೇ ಎರಕದ ಒಲೆ ಆರಿಸಿದರು. ಕರಗಿದ ಸೀಸದ ಮುಂದೆ ನಡುಗುವ ಕೈ ಆಗದು ಎಂದು ಬೇರೆಯವರಿಗೆ ಹೇಳುವವರು ತಮಗೂ ಹೇಳಿಕೊಂಡರು. ಶೂಟಿಂಗ್ ಬಿಡಲಿಲ್ಲ. ಅಕ್ಟೋಬರ್ ಕೊನೆಗೆ ಕ್ಲಬ್ಬಿನಲ್ಲಿ ರಿವಾಲ್ವರಿನ ಪಂದ್ಯ ಇರುತ್ತದೆ, ಐದು ಸುತ್ತು, ಸುತ್ತಿಗೆ ಆರು ಗುಂಡು. ಇಪ್ಪತ್ತು ವರ್ಷದಲ್ಲಿ ಅವರು ಒಮ್ಮೆಯೂ ತಪ್ಪಿಸಿದವರಲ್ಲ. "ಇದೊಂದು ಹೊಡೆದು ಬಿಡ್ತೀನಿ. ಆ ಮುದುಕನ ರಿವಾಲ್ವರಿಂದನ" ಅಂದರು. ಮುಂದಿನ ವರ್ಷ ಹೊಡೆದರಾಯಿತು ಬಿಡಿ ಆಂಟಿ ಅಂದಿದ್ದಕ್ಕೆ ಕೈ ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಬೆರಳುಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು. "ಮುಂದಿನ ವರ್ಷ ಇದನ್ನ ಯಾರ್ ಹಿಡೀತಾರ?"

ಗುಂಡು ತರಿಸುವ ಕೆಲಸ ನನಗೆ ಬಿತ್ತು. ನಾನು ಸಾಮಾನು ಕೊಳ್ಳುವುದರಲ್ಲಿ ಶೂರಳು. ಊಟದ ಬಿಡುವಿನಲ್ಲೇ ಫೋನಿನಲ್ಲಿ ಹುಡುಕಿ, ಇರುವುದರಲ್ಲೇ ಅತ್ಯಂತ ಗಟ್ಟಿ ಎರಕದ ಗುಂಡು ಆರಿಸಿ ಎರಡು ಪೆಟ್ಟಿಗೆ ತರಿಸಿದೆ. ಗಟ್ಟಿ ಇದ್ದರೆ ಬಳಿದುಕೊಳ್ಳುವುದಿಲ್ಲ, ಇದರಲ್ಲಿ ಯೋಚಿಸುವುದೇನಿದೆ? ಪೆಟ್ಟಿಗೆಯ ಮೇಲೆ ಅಳತೆ ಮುನ್ನೂರ ಐವತ್ತೆಂಟು ಎಂದಿತ್ತು, ಅಂದರೆ ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಅಷ್ಟು. ಆಂಟಿ ಮೈಕ್ರೋಮೀಟರ್ ಹಿಡಿದರೆ ಅಂಕಿ ನಿಲ್ಲುತ್ತಿರಲಿಲ್ಲ. "ನೀ ಅಳದು ನೋಡೀಯಿಲ್ಲೋ?" ಎಂದು ಕೇಳಿದರು. "ನೋಡಿದೀನಿ ಆಂಟಿ, ಸರಿಯಾಗಿದೆ" ಅಂದೆ. ನೋಡಿರಲಿಲ್ಲ. ಪೆಟ್ಟಿಗೆಯ ಮೇಲಿನ ಲೇಬಲ್ ನೋಡಿದ್ದೆ.

ಕೇಸುಗಳಿಗೆ ತುಂಬಿಸಿಕೊಂಡು ಹೋಗಿ ಆಂಟಿ ಕ್ಲಬ್ಬಿನಲ್ಲಿ ಹೊಡೆದು ನೋಡಿದಾಗ ಎರಡನೇ ಸುತ್ತಿಗೇ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿಯಾದವು. ಆಂಟಿ ತಮ್ಮ ಬಲಗೈ ನೋಡಿಕೊಂಡರು. ತಮ್ಮ ಕೈಯದೇ ತಪ್ಪು ಎಂದುಕೊಂಡರು. ನಾನು ಬ್ಯಾರಲ್ಲಿನೊಳಗೆ ಇಣುಕಿದರೆ ಬೂದು ಬಣ್ಣದ ಹಾಳೆ ಹಾಳೆ ಸೀಸ.

ಆಂಟಿಯ ಮನೆಗೆ ಬಂದು ಗ್ಯಾರೇಜಿನಲ್ಲಿ ಇಬ್ಬರೂ ಕೂತೆವು. ಪಂದ್ಯಕ್ಕೆ ಎರಡು ವಾರವಿತ್ತು. ತಾಮ್ರದ ನಾರಿನಿಂದ ನಾನು ತಿಕ್ಕತೊಡಗಿದೆ. ಆಂಟಿಯ ಅಕ್ಕ ಧಾರವಾಡದಿಂದ ಫೋನ್ ಮಾಡಿದರು, ಆಂಟಿ ಒಳಗೆ ಹೋದರು. ಆ ಅಕ್ಕನ ಫೋನು ಅಂದರೆ ಒಂದು ಗಂಟೆಗೆ ಕಡಿಮೆ ಇಲ್ಲ. ಕಾಲು ಗಂಟೆ ತಿಕ್ಕುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಮೇಜಿನ ಮೇಲೆ ಕೆಂಪು ಗುರುತಿನ ಹುಣಸೆಹಣ್ಣಿನ ಡಬ್ಬಿ ಇತ್ತು. ಹಿತ್ತಾಳೆಯ ಕೊಳೆ ಐದು ನಿಮಿಷದಲ್ಲಿ ಹೋಗುತ್ತದೆ, ಸೀಸಕ್ಕೆ ಒಂದು ಗಂಟೆ ಸಾಕು ಎಂದು ನನಗೆ ನಾನೇ ಲೆಕ್ಕ ಹೇಳಿಕೊಂಡೆ. ಗಟ್ಟಿಯಾಗಿ ಹುಣಸೆ ನೀರು ಕಿವುಚಿ ಉದ್ದ ಲೋಟಕ್ಕೆ ಹಾಕಿ, ರಿವಾಲ್ವರಿನ ಬ್ಯಾರಲ್ಲನ್ನು ಸಿಲಿಂಡರಿನ ಬುಡದ ತನಕ ಅದರಲ್ಲಿ ಅದ್ದಿ ನಿಲ್ಲಿಸಿದೆ. ಜಗತ್ತಿನಲ್ಲಿ ಎಷ್ಟೋ ಜನ ಎಷ್ಟೋ ರೀತಿ ರಿವಾಲ್ವರ್ ಹಾಳುಮಾಡಿರಬಹುದು. ಸಾರಿಗೆ ಹಾಕುವ ಹುಣಸೆಹಣ್ಣಿನಿಂದ ಮಾಡಿದವಳು ನಾನೊಬ್ಬಳೇ ಇರಬೇಕು.

ಹೊರಗೆ ತೆಗೆದಾಗ ರಿವಾಲ್ವರಿನ ಕಪ್ಪು ನೀಲಿ ಹೊಳಪು ಅದ್ದಿದಷ್ಟೂ ಮಾಯವಾಗಿತ್ತು. ಉಕ್ಕು ತೊಳೆದ ತಗಡಿನಂತೆ ಬಿಳಿಚಿಕೊಂಡಿತ್ತು. ಒರೆಸುತ್ತಿದ್ದ ಹಾಗೇ ಕಿತ್ತಳೆ ಬಣ್ಣದ ತುಕ್ಕು ಬಟ್ಟೆಗೆ ಹತ್ತಿತು. ಒಳಗಿನ ಸೀಸ ಮಾತ್ರ ಒಂದು ಚೂರೂ ಕದಲಿರಲಿಲ್ಲ. ಸತ್ತವನೊಬ್ಬ ನಂಬಿ ಕೊಟ್ಟ ವಸ್ತು, ಅವರ ಕಡೆಯ ಪಂದ್ಯದ ವಸ್ತು, ಒಂದು ಲೋಟ ಹುಳಿನೀರಿನಲ್ಲಿ ಹೋಯಿತಲ್ಲ ಎಂದು ಅಳುವುದಕ್ಕೂ ಆಗದೆ ನಿಂತೆ.

ಆಂಟಿ ಬಂದರು, ನೋಡಿದರು. ಎಡಗೈಯಿಂದ ಬಲಗೈ ಹಿಡಿದುಕೊಂಡರು.

"ಎಷ್ಟೊತ್ತಾತು?"

"ಒಂದು ಗಂಟೆ ಆಂಟಿ."

"ಅಡಿಗಿ ಸೋಡಾ ತಗೊಂಬಾ. ನೀರಾಗ ಕಲಸು. ಮೊದ್ಲ ಹುಳಿ ಸಾಯ್ಲಿ."

ಸೋಡಾ ನೀರಿನಲ್ಲಿ ತೊಳೆದೆವು, ಒರೆಸಿದೆವು, ಎಣ್ಣೆ ಹಚ್ಚಿದೆವು. ಬೈಗುಳಕ್ಕಾಗಿ ಕಾದೆ. ಬರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಬದಲಿಗೆ ಸ್ಟೂಲಿನ ಮೇಲೆ ಕೂತು ಭೂತಗನ್ನಡಿಯಲ್ಲಿ ಬ್ಯಾರಲ್ ನೋಡಿ, "ಸೀಸ ಸಿಲಿಂಡರ್ ಕಡೇನ ಹತ್ತೇತಿ. ತುದಿಗೆ ಹತ್ತಿದ್ರ ಮೇಣ ಕಡಿಮಿ ಆತು ಅಂತಿದ್ದೆ. ಗುಂಡಿನ ಅಳತಿ ನೋಡೀನಿ ಅಂದಿದ್ದೆಲ್ಲಾ?" ಎಂದು ಕೇಳಿದರು.

"ನೋಡಿರಲಿಲ್ಲ ಆಂಟಿ. ಸುಳ್ಳು ಹೇಳಿದೆ."

ಅವರು ತಲೆಯಾಡಿಸಿದರು, ಹಲ್ಲುನೋವು ಎಲ್ಲಿದೆ ಎಂದು ಗೊತ್ತಾದವರ ಹಾಗೆ. "ಸಿಲಿಂಡರ್ ತಗಿ. ಒಂದು ಗುಂಡು ತಗೋ. ಮುಂದಿನ ಬಾಯಿಂದ ಒಂದೊಂದ ಮನಿಯೊಳಗ ಬಿಡು."

ಸಿಲಿಂಡರಿಗೆ ಆರು ಮನೆ. ಪ್ರತಿ ಮನೆಯ ಮುಂದಿನ ಬಾಯಿ ಸ್ವಲ್ಪ ಕಿರಿದು. ಹೊಂದುವ ಗುಂಡಾದರೆ ಆ ಬಾಯಲ್ಲಿ ನಿಂತು, ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಮಾತ್ರ ಒಳಗೆ ಹೋಗಬೇಕು. ನಾನು ಬಿಟ್ಟ ಗುಂಡು ಎಲ್ಲೂ ನಿಲ್ಲದೆ ಕೆಳಗೆ ಹಿಡಿದಿದ್ದ ನನ್ನ ಅಂಗೈಗೆ ಟಪ್ ಎಂದು ಬಿತ್ತು. ಎರಡನೇ ಮನೆ, ಟಪ್. ಆರೂ ಮನೆಯಲ್ಲಿ ಹಾಗೇ. ಆಮೇಲೆ ಮೈಕ್ರೋಮೀಟರಿನಲ್ಲಿ ಅಳೆದರೆ, ಪೆಟ್ಟಿಗೆಯ ಲೇಬಲ್ ಹೇಳುತ್ತಿದ್ದುದಕ್ಕಿಂತ ಗುಂಡು ಒಂದು ಕೂದಲು ಸಣ್ಣದಿತ್ತು. ಲೇಬಲ್ ನೋಡಿ ಸಂಬಳ ತೆಗೆದುಕೊಳ್ಳುವವಳು ನಾನು.

"ಗಟ್ಟಿ ಅಂತೂ ಬಾಳ ಗಟ್ಟಿ ಐತಿ" ಅಂದರು ಆಂಟಿ, ಗುಂಡನ್ನು ಉಗುರಿನಿಂದ ಒತ್ತುತ್ತಾ. "ಆದ್ರ ಹೊಂದವಲ್ದು. ಮೆತ್ತಗಿದ್ರ ಮದ್ದಿನ ಒತ್ತಡಕ್ಕ ಒಂದೀಟು ಉಬ್ಬಿ ಸಂದಿ ಮುಚ್ತಿತ್ತು. ಇದು ಉಬ್ಬೂದೂ ಇಲ್ಲ. ಸಂದಿನಾಗ ಬೆಂಕಿ ನುಗ್ಗಿ ಸೀಸ ಕರಗಿಸಿ ಗ್ವಾಡಿಗೆ ಬಳೀತದ. ಗಟ್ಟಿ ಕ್ಯಾಪು ಸಡಿಲ ಕೂಡಿಸಿದ್ರ ಒಳಗ ಹುಳುಕು ಸೇರೂದಿಲ್ಲೇನು? ಹಂಗ."

ಏನಾದರೂ ಒಳ್ಳೆಯ ಮಾತಾಡಿ ಪರಿಸ್ಥಿತಿ ತಿಳಿಗೊಳಿಸೋಣ ಎಂದು, "ಮನುಷ್ಯರೂ ಹಾಗೇ ಅಲ್ವಾ ಆಂಟಿ, ಗಟ್ಟಿಯಾಗಿರೋದಕ್ಕಿಂತ ಹೊಂದಿಕೊಳ್ಳೋದು..." ಎಂದು ಶುರುಮಾಡಿದೆ.

"ಗುಂಡಿನ ಮಾತು ಗುಂಡಿಗೆ ಇರ್ಲಿ. ಅಳತಿ ನೋಡದ ತಪ್ಪಿಗೆ ನನಗ ವೇದಾಂತ ಹೇಳಬ್ಯಾಡ. ತಿಕ್ಕು."

ತಿಕ್ಕಿದೆ. ಸಂಜೆ ಹೊತ್ತಿಗೆ ಸೀಸವೆಲ್ಲ ಬಂತು. ಹುಳಿ ಒಳಗೆ ಎಷ್ಟು ತಿಂದಿದೆ ನೋಡಬೇಕೆಂದು ಆಂಟಿ ಮೆತ್ತನೆ ಸೀಸದ ಗೋಲಿ ತರಿಸಿದರು. ಕೋಲು ನನ್ನ ಕೈಯಲ್ಲಿ, ಅವರ ಕೈ ನನ್ನ ಕೈ ಮೇಲೆ. ಅವರ ಕೈಯ ನಡುಕ ನನ್ನ ಮೂಳೆಗೆ ತಿಳಿಯುತ್ತಿತ್ತು, ಆದರೆ ಗೋಲಿ ಎಲ್ಲಿ ತಡೆಯಿತು ಎಂದು ನನಗಿಂತ ಮೊದಲು ಅವರಿಗೇ ಗೊತ್ತಾಯಿತು. "ಇಲ್ಲೆ, ಶುರುವಿನಾಗ ಒಂದೀಟು ಒರಟಾಗೇತಿ. ಮುಂದೆಲ್ಲಾ ಚಲೋ ಐತಿ. ಸಾಯೂ ಅಂಥಾದ್ದೇನಲ್ಲ" ಅಂದರು. ಲ್ಯಾಬಿನ ಕಾಲದ ಪಾಲಿಶ್ ಪೇಸ್ಟ್ ಕೊಟ್ಟು, ಉಣ್ಣೆಯ ತುಂಡಿಗೆ ಹಚ್ಚಿ, ಹಲ್ಲಿಗೆ ಹೊಳಪು ಕೊಡುವಷ್ಟು ಹಗುರವಾಗಿ ಆ ಜಾಗವನ್ನು ಉಜ್ಜಲು ಹೇಳಿದರು. ನಾನು ಉಜ್ಜುತ್ತಿರುವಾಗ ಅವರು, ಮೊದಲೇ ನನ್ನ ಕೈಯಲ್ಲಿ ಅಳೆಸಿದ್ದ ಆ ಅಚ್ಚನ್ನು ಪುಟ್ಟ ಡಬ್ಬಿಗೆ ಹಾಕಿ, ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು, ಅದರ ಮೇಲೆ ಬಹಳ ಹೊತ್ತು ಏನೋ ಬರೆದು, ಉಳಿದ ಡಬ್ಬಿಗಳ ಜೊತೆ ಡ್ರಾಯರಿಗೆ ಸೇರಿಸಿದರು. ಏನು ಬರೆದರೆಂದು ನೋಡುವ ಧೈರ್ಯ ನನಗಿರಲಿಲ್ಲ.

ಮುಂದಿನ ಭಾನುವಾರ ಆರಿಸಿದ್ದ ಒಲೆ ಮತ್ತೆ ಹೊತ್ತಿತು. ಕಣ್ಣು ಅವರದು, ಕೈ ನನ್ನದು. ಮಾಸ್ಕು, ಕೈಗವಸು, ಬೇರೆ ಚಪ್ಪಲಿ, ಪೂರ್ತಿ ಮಡಿ. ಮೊದಲು ಹೊಯ್ದ ಗುಂಡುಗಳೆಲ್ಲ ಸುಕ್ಕು ಸುಕ್ಕು. ನಾನು ಅಚ್ಚನ್ನು ಬೈಯುತ್ತಿದ್ದರೆ ಅವರು, "ಅಚ್ಚು ಇನ್ನೂ ಕಾದಿಲ್ಲ. ಮೊದಲಿನ ದ್ವಾಸಿ ಯಾವಾಗ ಚಲೋ ಬಂದೈತಿ? ಹಾಕು ವಾಪಸ್" ಅಂದರು. ಕಾದ ಮೇಲೆ ನುಣುಪಾಗಿ ಬಂದವು. ಸೀಸ ಬೇಕೆಂದೇ ಸ್ವಲ್ಪ ಮೆತ್ತಗಿನದು. ಒಂದೊಂದನ್ನೂ ಅಳತೆಯ ಅಚ್ಚಿನಲ್ಲಿ ಒತ್ತಿ, ಮೇಣ ಹಚ್ಚಿ, ಸಿಲಿಂಡರಿನ ಬಾಯಿಗೆ ಇಟ್ಟು ನೋಡಿದೆ. ನಿಂತಿತು. ಬೆರಳಿನಿಂದ ಒತ್ತಿದೆ, ಒಳಗೆ ಹೋಯಿತು. ನಾನು ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಕಿಟಕಿ ತೆಗೆದರು. ಕೇಸಿಗೆ ಮದ್ದು ತುಂಬುವಾಗ ಮಾತ್ರ ಆಂಟಿ ಮದ್ದಿನ ತೂಕ ಕೊಟ್ಟಿರುವ ಪುಸ್ತಕ ಮುಂದಿಟ್ಟುಕೊಂಡು, ಬೆರಳಿಟ್ಟು ಸಾಲು ತೋರಿಸಿ, ಎರಡೆರಡು ಸಲ ತೂಗಿಸಿದರು. ಅಲ್ಲಿ ಅಂದಾಜು, ಅನುಭವ ಯಾವುದಕ್ಕೂ ಜಾಗವಿರಲಿಲ್ಲ.

ಪಂದ್ಯದ ದಿನ ಬಿಸಿಲಿತ್ತು. ಹನ್ನೊಂದು ಜನ. ಇಷ್ಟು ವರ್ಷ ಒಂದೇ ಕೈಯಲ್ಲಿ ಹೊಡೆದ ಆಂಟಿ ಅವತ್ತು ಎರಡೂ ಕೈಯಲ್ಲಿ ಹಿಡಿದರು. ಹಾಗೆ ಹಿಡಿಯಲು ನಿಯಮದಲ್ಲಿ ಅವಕಾಶವಿತ್ತು, ಆದರೂ ಅವರಿಗೆ ಅದು ಕಷ್ಟವಾಯಿತೆಂದು ನನಗೆ ಗೊತ್ತು. ಮೊದಲ ಸುತ್ತು ಮುಗಿಯಿತು. ಎರಡನೆಯದು. ಹಿಂದೆ ಇಲ್ಲೇ ಗುಂಡುಗಳು ಚೆದುರಿದ್ದವು. ದೂರದರ್ಶಕದಲ್ಲಿ ಒಂದೊಂದೇ ತೂತು ಎಣಿಸಿದೆ. ಚೆದುರಲಿಲ್ಲ. ಮೂರು, ನಾಲ್ಕು. ಐದನೇ ಸುತ್ತಿನ ನಡುವೆ ಕೈ ತುಂಬ ನಡುಗಿತು. ಆಂಟಿ ಬ್ಯಾರಲ್ಲಿನ ಬಾಯಿ ಕೆಳಗೆ ಮಾಡಿ ರಿವಾಲ್ವರನ್ನು ಮೇಜಿಗೆ ಇಳಿಸಿದರು, ಕಣ್ಣು ಮುಚ್ಚಿದರು, ನಾಲ್ಕು ಉಸಿರು ತೆಗೆದುಕೊಂಡರು, ಮತ್ತೆ ಎತ್ತಿದರು. ಉಳಿದ ಮೂರೂ ಕಪ್ಪು ವೃತ್ತದೊಳಗೇ ಬಿದ್ದವು.

ಏಳನೆಯವರಾದರು. ಹನ್ನೊಂದರಲ್ಲಿ ಏಳು. ಅವರು ಅಂಕ ಕೇಳಲೂ ಇಲ್ಲ. ಸಿಲಿಂಡರ್ ತೆರೆದು, ಖಾಲಿ ಇದೆಯೆಂದು ನನಗೂ ತೋರಿಸಿ, ಹಿಂದಿನಿಂದ ಒಂದು ಬಿಳಿ ಕಾಗದ ಹಿಡಿದು ಬ್ಯಾರಲ್ಲಿನೊಳಗೆ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. "ನೋಡು."

ಮೂವತ್ತು ಗುಂಡು ಹೋಗಿದ್ದರೂ ಗೆರೆಗಳು ತಿರುಗುತ್ತಾ ತುದಿಯ ತನಕ ಹೊಳೆಯುತ್ತಿದ್ದವು. ಒಂದು ಚೂರು ಸೀಸ ಇರಲಿಲ್ಲ. ನನಗೆ ಅಳು ಬಂತು, ಅತ್ತೆ. ಕಣ್ಣೊರೆಸಲು ಕೈ ಎತ್ತಿದೆ.

"ಕೈ ತೊಳಕೊಂಡು ಅಳು" ಅಂದರು ಆಂಟಿ.

ಚಳಿಗಾಲದಲ್ಲಿ ನಾನು ಪರ್ಮಿಟ್ ತೆಗೆದುಕೊಂಡ ಮೇಲೆ ಆಂಟಿ ಡೀಲರ್ ಮೂಲಕ ಕಾಗದಪತ್ರ ಮಾಡಿಸಿ ಆ ರಿವಾಲ್ವರನ್ನು ನನ್ನ ಹೆಸರಿಗೆ ಕೊಟ್ಟರು. ಯಾಕೆ ನನಗೆ ಎಂದು ನಾನು ಕೇಳಲಿಲ್ಲ. ಎರಕ ಹೊಯ್ಯುವುದನ್ನು ಕಲಿತೆ, ಪಂದ್ಯಕ್ಕೆ ಜೊತೆಯಾದೆ, ಅದಕ್ಕೆ ಮನಸ್ಸು ಕರಗಿರಬೇಕು ಎಂದುಕೊಂಡಿದ್ದೆ. ಬಣ್ಣ ಹೋದ ಭಾಗಕ್ಕೆ ಮತ್ತೆ ಬಣ್ಣ ಕಟ್ಟಿಸಿಲ್ಲ. ಕ್ಲಬ್ಬಿನಲ್ಲಿ ಯಾರಾದರೂ ಕೇಳಿದರೆ ನಾನೂ "ಫ್ಯಾಮಿಲಿ ರೆಸಿಪಿ" ಅನ್ನುತ್ತೇನೆ.

ಆಂಟಿ ಈಗಲೂ ತಿಂಗಳಿಗೆರಡು ಶನಿವಾರ ನನ್ನ ಕಾರಿನಲ್ಲಿ ಬರುತ್ತಾರೆ. ಕಿವಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತು, ಹೊಸಬರ ಕಾಲರ್ ಗುಂಡಿ ನೋಡುತ್ತಾರೆ. ಮೈಕ್ರೋಮೀಟರ್ ನಾನು ಹಿಡಿಯುತ್ತೇನೆ, ಅಂಕಿ ಓದಿ ಹೇಳುತ್ತೇನೆ, ಅವರು ನಂಬದೆ ಇನ್ನೊಮ್ಮೆ ಅಳೆಸುತ್ತಾರೆ.

ಬೀಳ್ಕೊಡುಗೆಯ ದಿನ ಕೇಕ್ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನನ್ನ ಕಾರಿನ ಡಿಕ್ಕಿ ತೆಗೆಸಿ ಒಂದು ರಟ್ಟಿನ ಪೆಟ್ಟಿಗೆ ಇಡಿಸಿದರು. ಒಳಗೆ ಆ ಪುಟ್ಟ ಡಬ್ಬಿಗಳು, ನಲವತ್ತಕ್ಕೂ ಹೆಚ್ಚು. "ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ? ಯಾರರ ಸೀಸ ಹತ್ತೇತಿ ಅಂತ ಬಂದ್ರ ತಗದು ನೋಡು" ಅಂದರು.

ಮನೆಗೆ ಬಂದು ಕೈ ತೊಳೆದು ಒಂದೊಂದನ್ನೇ ತೆಗೆದು ಓದಿದೆ. ಎಲ್ಲದರಲ್ಲೂ ಮುತ್ತು ಪೋಣಿಸಿದಂಥ ಅಕ್ಷರ. ಕೊನೆಯದೊಂದರ ಮೇಲೆ ಮಾತ್ರ ಅಕ್ಷರಗಳು ಅಲುಗಾಡಿದ್ದವು, ಒಂದೊಂದು ಗೆರೆಯೂ ಎರಡೆರಡು ಸಲ ಎಳೆದಂತಿತ್ತು. ತಾರೀಖು ನೋಡಿದೆ. ಪಂದ್ಯದ ದಿನದ್ದಲ್ಲ, ಎರಕ ಹೊಯ್ದ ಭಾನುವಾರದ್ದೂ ಅಲ್ಲ. ನಾನು ಸುಳ್ಳು ಒಪ್ಪಿಕೊಂಡು, ಬಿಳಿಚಿಕೊಂಡ ಬ್ಯಾರಲ್ ಹಿಡಿದು ತಲೆ ತಗ್ಗಿಸಿ ಉಜ್ಜುತ್ತಿದ್ದ ಆ ಶನಿವಾರದ್ದು. ಅದರ ಕೆಳಗೆ ಅಳತೆ, ಮುನ್ನೂರ ಐವತ್ತೆಂಟು. ಅದರ ಕೆಳಗೆ ಪಥ್ಯ: "ಹುಣಸಿಹಣ್ಣು ಬ್ಯಾಡ."

ಎಲ್ಲಕ್ಕಿಂತ ಮೇಲೆ, ಮಾಲೀಕರ ಹೆಸರು ಬರೆಯುವ ಜಾಗದಲ್ಲಿ, ಅವತ್ತೇ, ನನ್ನ ಹೆಸರು ಬರೆದಿದ್ದರು.